8 ಇಲ್ಲದ ಮ್ಯಾಜಿಕ್ ನಂಬರ್ ಫಾರ್ವರ್ಡ್ ನಿಮಗೂ ಬಂತೇ? ಅದರ ಹಿಂದಿರುವುದು ಕನ್ನಡ ನಾಡಿನ ಗಣಿತಜ್ಞ ಮಹಾವೀರಾಚಾರ್ಯರು

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗುವ ಒಂದು ಲೆಕ್ಕವಿದೆ. ಮೊಬೈಲಿನ ಕ್ಯಾಲ್ಕುಲೇಟರ್ ತೆರೆದು 12345679 ಎಂದು ಒತ್ತಬೇಕು. 7 ಆದಮೇಲೆ ನೇರವಾಗಿ 9, ಮಧ್ಯೆ 8 ಇಲ್ಲ. ಆಮೇಲೆ 1ರಿಂದ 9ರವರೆಗೆ ನಿಮಗಿಷ್ಟವಾದ ಒಂದು ಅಂಕಿ ಆರಿಸಿ, ಅದನ್ನು 9ರಿಂದ ಗುಣಿಸಿ, ಬಂದ ಉತ್ತರದಿಂದ ಮೇಲಿನ ಸಂಖ್ಯೆಯನ್ನು ಗುಣಿಸಬೇಕು. 7 ಆರಿಸಿದ್ದರೆ 63ರಿಂದ ಗುಣಿಸುತ್ತೀರಿ. ಪರದೆಯ ಮೇಲೆ 777777777 ಬರುತ್ತದೆ. 4 ಆರಿಸಿದ್ದರೆ 36ರಿಂದ ಗುಣಿಸುತ್ತೀರಿ, 444444444 ಬರುತ್ತದೆ.

ಲೆಕ್ಕ ನಿಜ. ತೊಂದರೆ ಇರುವುದು ಇಂಥ ಸಂದೇಶಗಳ ಬಾಲದಲ್ಲಿ. ಇದು ದೈವಿಕ ಸಂಖ್ಯೆ, ಅದೃಷ್ಟದ ಸಂಖ್ಯೆ, ಇಷ್ಟು ಜನರಿಗೆ ಕಳಿಸಿದರೆ ಒಳ್ಳೆಯದಾಗುತ್ತದೆ ಎಂದೆಲ್ಲ ಸೇರಿಕೊಳ್ಳುತ್ತದೆ. ನಿಜವಾಗಿ ಹೇಳಬೇಕಾದ ವಿಷಯ ಮಾತ್ರ ಬಿಟ್ಟುಹೋಗುತ್ತದೆ. ಈ ಲೆಕ್ಕವನ್ನು ಸುಮಾರು 1,150 ವರ್ಷಗಳ ಹಿಂದೆಯೇ ಪುಸ್ತಕದಲ್ಲಿ ಬರೆದಿಟ್ಟವರು ನಮ್ಮದೇ ನಾಡಿನ ಒಬ್ಬ ಗಣಿತಜ್ಞರು. ಅವರ ಹೆಸರು ಮಹಾವೀರಾಚಾರ್ಯ. ಅದೇ ಪುಸ್ತಕದಲ್ಲಿ ಇದಕ್ಕಿಂತ ಸುಂದರವಾದ ಇನ್ನೊಂದು ಸಂಖ್ಯೆ ಇದೆ: 12345654321.

ಒಂದೇ ನೋಟದಲ್ಲಿ

• 12345679ನ್ನು 9ರಿಂದ ಗುಣಿಸಿದರೆ 111111111 ಬರುತ್ತದೆ: ನಿಜ.
• ಇದರಲ್ಲಿ ಪವಾಡ ಅಥವಾ ಅದೃಷ್ಟ ಇದೆ: ಸುಳ್ಳು. ಕಾರಣವನ್ನು ಪೆನ್ನು ಹಿಡಿದು ಎರಡು ನಿಮಿಷದಲ್ಲಿ ತೋರಿಸಬಹುದು.
• ಮಹಾವೀರಾಚಾರ್ಯರು ಜೈನ ತೀರ್ಥಂಕರ ಮಹಾವೀರರೇ: ಸುಳ್ಳು. ಇಬ್ಬರ ನಡುವೆ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ.
• ಸೊನ್ನೆಯನ್ನು ಮಹಾವೀರಾಚಾರ್ಯರೇ ಕಂಡುಹಿಡಿದರು: ಸುಳ್ಳು. ಸೊನ್ನೆಯ ನಿಯಮಗಳನ್ನು ಬ್ರಹ್ಮಗುಪ್ತರು 628ರಲ್ಲೇ ಬರೆದಿದ್ದರು.
• ಅವರ ಪುಸ್ತಕದಲ್ಲಿ ತಪ್ಪೇ ಇಲ್ಲ: ಸುಳ್ಳು. ಒಂದು ದೊಡ್ಡ ತಪ್ಪು ಇದೆ. ಅದನ್ನು ಕೆಳಗೆ ನೋಡೋಣ.

ಯಾರು ಈ ಮಹಾವೀರಾಚಾರ್ಯರು?

ಕ್ರಿ.ಶ. 9ನೇ ಶತಮಾನದ ಜೈನ ವಿದ್ವಾಂಸರು. ಬರೆದ ಗ್ರಂಥ ಗಣಿತಸಾರಸಂಗ್ರಹ, ಭಾಷೆ ಸಂಸ್ಕೃತ, ಕಾಲ ಸುಮಾರು 850. ಗ್ರಂಥದ ಆರಂಭದಲ್ಲಿ ಅವರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತಾರೆ. ಅವರ ಕಾಲ ಮತ್ತು ನಾಡು ಯಾವುದೆಂದು ನಮಗೆ ತಿಳಿಯುವುದು ಇದರಿಂದಲೇ. ಅವರ ತಂದೆ ತಾಯಿ, ಹುಟ್ಟಿದ ಊರು, ತೀರಿಕೊಂಡ ವರ್ಷ ಯಾವುದನ್ನೂ ಅವರು ಬರೆದಿಟ್ಟಿಲ್ಲ. ತಮ್ಮ ಬಗ್ಗೆ ಹೇಳಿಕೊಳ್ಳುವ ಬದಲು ಸಾವಿರದ ನೂರಕ್ಕೂ ಹೆಚ್ಚು ಶ್ಲೋಕಗಳಲ್ಲಿ ಲೆಕ್ಕ ಹೇಳಿದ್ದಾರೆ. ಹಾಗಾಗಿ ಅವರ ಬದುಕನ್ನು ತಿಳಿಯಲು ಅವರ ಲೆಕ್ಕಗಳನ್ನೇ ನೋಡಬೇಕು.

ಗ್ರಂಥದ ಮೊದಲಲ್ಲಿ ಅವರು ಜಿನ ಮಹಾವೀರರಿಗೆ ನಮಸ್ಕರಿಸುತ್ತಾರೆ. ಹೆಸರೂ ಒಂದೇ, ಧರ್ಮವೂ ಒಂದೇ ಆದ್ದರಿಂದ ಇಬ್ಬರನ್ನೂ ಒಬ್ಬರೇ ಎಂದುಕೊಳ್ಳುವುದು ಸುಲಭ. ತೀರ್ಥಂಕರ ವರ್ಧಮಾನ ಮಹಾವೀರರು ಕ್ರಿಸ್ತಪೂರ್ವ ಕಾಲದವರು, ಬಿಹಾರದ ಕಡೆಯವರು. ಗಣಿತದ ಮಹಾವೀರಾಚಾರ್ಯರು ಅವರ ಹೆಸರನ್ನು ಹೊತ್ತ, ಬಹಳ ಕಾಲದ ನಂತರದ ಅನುಯಾಯಿ.

ನೃಪತುಂಗನ ನಾಡು

ಅಮೋಘವರ್ಷ 814ರಲ್ಲಿ ಚಿಕ್ಕ ವಯಸ್ಸಿನಲ್ಲೇ ಪಟ್ಟಕ್ಕೆ ಬಂದು ಸುಮಾರು 878ರವರೆಗೆ ಆಳಿದ. ಅರವತ್ತಕ್ಕೂ ಹೆಚ್ಚು ವರ್ಷದ ಆಳ್ವಿಕೆ. ಅವನ ರಾಜಧಾನಿ ಮಾನ್ಯಖೇಟ. ಅದೇ ಇವತ್ತಿನ ಮಳಖೇಡ, ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯಲ್ಲಿರುವ ಊರು. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯವರಿಗೆ ಇದು ದೂರದ ದೇಶವೇನಲ್ಲ, ನಮ್ಮದೇ ಕಲ್ಯಾಣ ಕರ್ನಾಟಕ. 9ನೇ ಶತಮಾನದಲ್ಲಿ ಅರಬ್ ವ್ಯಾಪಾರಿ ಸುಲೇಮಾನ್ ಇಲ್ಲಿಯ ದೊರೆಯನ್ನು ಜಗತ್ತಿನ ನಾಲ್ಕು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸಿದ್ದ.

ಈ ದೊರೆಯ ಕಾಲದಲ್ಲಿ ಓದು ಬರಹಕ್ಕೆ ಬಹಳ ಬೆಲೆ ಇತ್ತು. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ ಕವಿರಾಜಮಾರ್ಗ ಇದೇ ಆಸ್ಥಾನದಿಂದ ಬಂದದ್ದು. ಆದಿಪುರಾಣ ಬರೆದ ಜಿನಸೇನಾಚಾರ್ಯರು ದೊರೆಗೆ ಗುರುಗಳು. ವ್ಯಾಕರಣಕಾರ ಶಾಕಟಾಯನರು ತಮ್ಮ ವ್ಯಾಖ್ಯಾನಕ್ಕೆ ದೊರೆಯ ಹೆಸರನ್ನೇ ಇಟ್ಟರು. ಗಣಿತಸಾರಸಂಗ್ರಹ ಬಂದದ್ದೂ ಇದೇ ಕಾಲದಲ್ಲಿ.

ಜೈನ ವಿದ್ವಾಂಸರಿಗೆ ದೊಡ್ಡ ಸಂಖ್ಯೆಗಳ ಮೇಲೆ ಮೊದಲಿನಿಂದಲೂ ಒಲವು. ಲೋಕ ಎಷ್ಟು ದೊಡ್ಡದು, ಕಾಲ ಎಷ್ಟು ಉದ್ದ ಎಂಬುದನ್ನು ಅವರು ಎಣಿಕೆಯಲ್ಲೇ ಹೇಳಲು ಹೊರಟವರು. ಮಹಾವೀರಾಚಾರ್ಯರು ಏಕ, ದಶ, ಶತ, ಸಹಸ್ರ ಎಂದು ಶುರುಮಾಡಿ 24 ಸ್ಥಾನಗಳಿಗೆ ಹೆಸರು ಕೊಡುತ್ತಾರೆ. ಕೊನೆಯ ಸ್ಥಾನದ ಹೆಸರು ಮಹಾಕ್ಷೋಭ. ಅಂದರೆ 1ರ ಮುಂದೆ 23 ಸೊನ್ನೆ. ಕೋಟಿಗೆ 7 ಸೊನ್ನೆ ಸಾಕು. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿ ಗೃಹಿಣಿಯರ ಕೈಯಲ್ಲಿ ಬಿಳಿ ಶಂಖದ ಬಳೆ ನೋಡಿರುತ್ತೀರಿ. ಈ ಪಟ್ಟಿಯಲ್ಲಿ ಶಂಖವೂ ಒಂದು ಸಂಖ್ಯೆ: 1ರ ಮುಂದೆ 18 ಸೊನ್ನೆ.

ಪುಸ್ತಕದಲ್ಲಿ ಏನೇನಿದೆ?

ಆರ್ಯಭಟ, ಬ್ರಹ್ಮಗುಪ್ತರಂಥವರ ಗಣಿತ ಬಹುತೇಕ ಗ್ರಹ ನಕ್ಷತ್ರಗಳ ಗ್ರಂಥದ ಒಂದು ಭಾಗವಾಗಿ ಬರುತ್ತದೆ. ಮಹಾವೀರಾಚಾರ್ಯರ ಪುಸ್ತಕದಲ್ಲಿ ಗಣಿತ ಬಿಟ್ಟು ಬೇರೇನೂ ಇಲ್ಲ. ಒಟ್ಟು 9 ಅಧ್ಯಾಯ. ಅಳತೆಗಳ ಹೆಸರು, ಗುಣಾಕಾರ ಭಾಗಾಕಾರ, ಭಿನ್ನರಾಶಿ, ತ್ರೈರಾಶಿಕ, ಬಡ್ಡಿ ಮತ್ತು ಮಿಶ್ರಣ, ಹೊಲದ ಅಳತೆ, ಗುಂಡಿ ತೋಡುವ ಲೆಕ್ಕ, ನೆರಳಿನ ಲೆಕ್ಕ ಎಲ್ಲವೂ ಇದೆ. ಗಣಿತ ಎಲ್ಲೆಲ್ಲಿ ಬೇಕು ಎಂದು ಆರಂಭದಲ್ಲಿ ಅವರು ಕೊಡುವ ಪಟ್ಟಿ ಉದ್ದವಾಗಿದೆ. ಅದರಲ್ಲಿ ಸಂಗೀತ, ನಾಟಕ, ವೈದ್ಯ, ಮನೆ ಕಟ್ಟುವ ವಿದ್ಯೆಯ ಜೊತೆಗೆ ಅಡುಗೆಯೂ ಸೇರಿದೆ.

ಒಂದು ಲೆಕ್ಕ ಚಿನ್ನದ್ದು. ಬೇರೆ ಬೇರೆ ಶುದ್ಧತೆಯ ಚಿನ್ನವನ್ನು ಕರಗಿಸಿ ಬೆರೆಸಿದರೆ ಬರುವ ಚಿನ್ನದ ಶುದ್ಧತೆ ಎಷ್ಟು? ಹಟ್ಟಿಯ ಚಿನ್ನದ ಗಣಿ ಇರುವ ಲಿಂಗಸುಗೂರು ತಾಲ್ಲೂಕಿನವರಿಗೆ ಇದು ಹತ್ತಿರದ ಪ್ರಶ್ನೆ. 10 ಗ್ರಾಂ 22 ಕ್ಯಾರೆಟ್ ಚಿನ್ನಕ್ಕೆ 10 ಗ್ರಾಂ 18 ಕ್ಯಾರೆಟ್ ಚಿನ್ನ ಬೆರೆಸಿದರೆ 20 ಕ್ಯಾರೆಟ್ ಆಗುತ್ತದೆ. ತೂಕ ಬೇರೆ ಬೇರೆ ಇದ್ದರೆ ಲೆಕ್ಕ ಇಷ್ಟು ಸುಲಭವಲ್ಲ. ಅದಕ್ಕೆ ಅವರು ನಿಯಮ ಕೊಟ್ಟಿದ್ದಾರೆ.

ಇನ್ನೊಂದು ಲೆಕ್ಕ ರುಚಿಯದ್ದು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರುಚಿಗಳನ್ನು ಬೆರೆಸಿ ಎಷ್ಟು ಬಗೆಯ ರುಚಿ ಮಾಡಬಹುದು? ಯುಗಾದಿಯ ಬೇವು ಬೆಲ್ಲ ಎರಡು ರುಚಿಯ ಒಂದು ಬಗೆ. ಎರಡೆರಡು ಬೆರೆಸಿದರೆ ಎಷ್ಟು ಬಗೆ ಎಂದು ತಿಳಿಯಲು 6ನ್ನು 5ರಿಂದ ಗುಣಿಸಿ, 1 ಮತ್ತು 2ರ ಗುಣಲಬ್ಧದಿಂದ ಭಾಗಿಸಿ: 15. ಒಂದೊಂದೇ ಆದರೆ 6, ಮೂರು ಮೂರಾದರೆ 20, ನಾಲ್ಕಾದರೆ 15, ಐದಾದರೆ 6, ಎಲ್ಲ ಸೇರಿದರೆ 1. ಒಟ್ಟು 63. ಇವತ್ತು ಪಿಯುಸಿಯಲ್ಲಿ ವಿಕಲ್ಪಗಳು ಎಂಬ ಪಾಠದಲ್ಲಿ ಬರುವ ಸೂತ್ರ ಇದೇ. ಎಷ್ಟು ವಸ್ತುಗಳಿದ್ದರೂ ಹೊಂದುವಂತೆ ಆ ನಿಯಮವನ್ನು ಮಹಾವೀರಾಚಾರ್ಯರು ಆಗಲೇ ಹೇಳಿದ್ದರು.

ಅಂಕಿಗಳ ಹಾರ: 12345654321

ಗುಣಾಕಾರದ ಭಾಗದಲ್ಲಿ ಅವರು ಕೊಡುವ ಕೆಲವು ಲೆಕ್ಕಗಳ ಉತ್ತರ ಕೊರಳ ಹಾರದಂತೆ ಕಾಣುತ್ತದೆ. ಅವರೇ ಅವನ್ನು ಹಾರಕ್ಕೆ ಹೋಲಿಸಿದ್ದಾರೆ. ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಮಣಿಗಳು ಒಂದೇ ರೀತಿ. ಕನ್ನಡದಲ್ಲಿ ವಿಕಟಕವಿ, ಕನಕ ಎಂಬ ಪದಗಳನ್ನು ಹಿಂದಿನಿಂದ ಓದಿದರೂ ಅವೇ ಪದಗಳು ಬರುತ್ತವಲ್ಲ, ಹಾಗೆಯೇ.

ಕೆಲವನ್ನು ನೀವೇ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿ:

139 × 109 = 15151
152207 × 73 = 11111111
12345679 × 9 = 111111111
142857143 × 7 = 1000000001
27994681 × 441 = 12345654321

ಕೊನೆಯದನ್ನು ಗಮನಿಸಿ. ಗುಣಿಸುವ ಎರಡು ಸಂಖ್ಯೆಗಳಲ್ಲಿ ಕಣ್ಣಿಗೆ ಕಾಣುವ ಯಾವ ಅಂದವೂ ಇಲ್ಲ. ಉತ್ತರ ಮಾತ್ರ 1ರಿಂದ 6ರವರೆಗೆ ಮೆಟ್ಟಿಲು ಹತ್ತಿ, ಮತ್ತೆ ಅದೇ ಮೆಟ್ಟಿಲಲ್ಲಿ 1ರವರೆಗೆ ಇಳಿಯುತ್ತದೆ. ಹೀಗೆ ಏರಿ ಇಳಿಯುತ್ತದೆ ಎಂದಷ್ಟೇ ಹೇಳಿ ಇಡೀ ಸಂಖ್ಯೆಯನ್ನು ತಿಳಿಸಿಬಿಡಬಹುದು. ಮಹಾವೀರಾಚಾರ್ಯರು ಅದನ್ನು ವರ್ಣಿಸಿದ್ದೂ ಹಾಗೆಯೇ.

ಇದು ಎಷ್ಟು ದೊಡ್ಡ ಸಂಖ್ಯೆ?

ಇದರಲ್ಲಿ 11 ಅಂಕಿಗಳಿವೆ. ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಸೆಕೆಂಡಿಗೆ ಒಂದರಂತೆ ನಿಲ್ಲದೆ ಎಣಿಸಿದರೆ ಮುಗಿಯಲು ಸುಮಾರು 391 ವರ್ಷ ಬೇಕು.

ನೆಲ್ಲಿನ ನಾಡಿನವರಿಗೆ ನೆಲ್ಲಿನಲ್ಲೇ ಹೇಳುವುದಾದರೆ, ಸಾವಿರ ಕಾಳು ನೆಲ್ಲು 20 ಗ್ರಾಂ ತೂಗುತ್ತದೆ ಎಂದುಕೊಳ್ಳಿ. ಇಷ್ಟು ಕಾಳುಗಳ ತೂಕ ಸುಮಾರು 247 ಟನ್. 75 ಕಿಲೋ ಚೀಲಗಳಲ್ಲಿ ತುಂಬಿದರೆ ಸುಮಾರು 3,300 ಚೀಲ. ಆರ್.ಎಚ್. ಕ್ಯಾಂಪಿನ ಸುತ್ತ ಕಾಲುವೆ ನೀರಲ್ಲಿ ಬೆಳೆಯುವ ಯಾವ ಒಬ್ಬ ಸಣ್ಣ ರೈತನ ಕಣದಲ್ಲೂ ಇಷ್ಟು ಚೀಲ ಒಟ್ಟಿಗೆ ಕಾಣುವುದಿಲ್ಲ. ಇಷ್ಟು ದೊಡ್ಡ ಸಂಖ್ಯೆಯನ್ನು ತಾಳೆಗರಿಯ ಕಾಲದಲ್ಲಿ ಕೈಲೆಕ್ಕದಿಂದಲೇ ಒಂದೊಂದು ಅಂಕಿ ಸರಿಯಾಗಿ ಕೂರುವಂತೆ ಜೋಡಿಸಿದ್ದರು.

ಹಾರ ಹೇಗೆ ಕಟ್ಟಿಕೊಳ್ಳುತ್ತದೆ?

ರಹಸ್ಯ ಇರುವುದು 111111 ಎಂಬ ಸಂಖ್ಯೆಯಲ್ಲಿ. 111111ನ್ನು 111111ರಿಂದಲೇ ಗುಣಿಸಿದರೆ 12345654321. ಯಾಕೆ ಹೀಗೆ ಎಂದು ನೋಡಲು ಮೊದಲು ಚಿಕ್ಕದನ್ನು ತೆಗೆದುಕೊಳ್ಳೋಣ. ಶಾಲೆಯಲ್ಲಿ ಕಲಿತ ಹಾಗೆ 111ನ್ನು 111ರಿಂದ ಗುಣಿಸಿ. ಮೂರು ಸಾಲು ಬರುತ್ತವೆ:

111
1110
11100

ಬಲದ ಅಂಚಿಗೆ ಸರಿಯಾಗಿ ಒಂದರ ಕೆಳಗೊಂದು ಬರೆದು ಕೂಡಿ. ಬಿಡಿ ಸ್ಥಾನದಲ್ಲಿ ಒಂದು 1 ಇದೆ, ಹತ್ತರ ಸ್ಥಾನದಲ್ಲಿ ಎರಡು, ನೂರರಲ್ಲಿ ಮೂರು, ಸಾವಿರದಲ್ಲಿ ಎರಡು, ಹತ್ತು ಸಾವಿರದಲ್ಲಿ ಒಂದು. ಉತ್ತರ 12321. ಅಂದರೆ ಉತ್ತರದ ಪ್ರತಿ ಅಂಕಿಯೂ ಆ ಸ್ಥಾನದಲ್ಲಿ ಎಷ್ಟು 1 ಸೇರಿವೆ ಎಂದು ಹೇಳುತ್ತದೆ, ಅಷ್ಟೆ. ಆರು 1 ಇರುವ ಸಂಖ್ಯೆ ತೆಗೆದುಕೊಂಡರೆ ಆರು ಸಾಲು ಬರುತ್ತವೆ. ನಡುವಿನ ಸ್ಥಾನದಲ್ಲಿ ಆರು 1 ಸೇರುತ್ತವೆ, ಎರಡೂ ಬದಿಗೆ ಒಂದೊಂದೇ ಕಡಿಮೆಯಾಗುತ್ತಾ ಹೋಗುತ್ತವೆ. ಎಲ್ಲೂ 10 ದಾಟದ ಕಾರಣ ಕೈಲಿ ಉಳಿಸಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಹಾರ ಕೆಡದೆ ಉಳಿಯುತ್ತದೆ.

ಹಾಗಾದರೆ 27994681 ಮತ್ತು 441 ಎಲ್ಲಿಂದ ಬಂದವು? 111111ನ್ನು ಒಡೆದರೆ 3 × 7 × 11 × 13 × 37 ಸಿಗುತ್ತದೆ. ಮೊದಲ ಎರಡನ್ನು ಗುಣಿಸಿದರೆ 21, ಉಳಿದ ಮೂರನ್ನು ಗುಣಿಸಿದರೆ 5291. ಈಗ 21ನ್ನು 21ರಿಂದ ಗುಣಿಸಿ: 441. 5291ನ್ನು 5291ರಿಂದ ಗುಣಿಸಿ: 27994681. ಹಾರವನ್ನು ಬಿಚ್ಚಿ ಮಣಿಗಳನ್ನು ಎರಡು ಗುಂಪು ಮಾಡಿದಂತೆ. ಲೆಕ್ಕ ಕೊಟ್ಟವರಿಗೆ ಉತ್ತರ ಮೊದಲೇ ಗೊತ್ತು, ಗುಣಿಸುವ ವಿದ್ಯಾರ್ಥಿಗೆ ಕೊನೆಯಲ್ಲಿ ಹಾರ ಸಿಗುತ್ತದೆ. ತಪ್ಪಿದರೆ ಹಾರ ಮೂಡುವುದಿಲ್ಲ, ಆದ್ದರಿಂದ ತನ್ನ ತಪ್ಪು ತನಗೇ ಗೊತ್ತಾಗುತ್ತದೆ. ಮಕ್ಕಳಿಗೆ ಗುಣಾಕಾರ ಅಭ್ಯಾಸ ಮಾಡಿಸಲು ಇದಕ್ಕಿಂತ ಒಳ್ಳೆಯ ಉಪಾಯ ಸಿಗುವುದು ಕಷ್ಟ.

ಈ ಸಂಖ್ಯೆಯ ಇನ್ನೂ ಕೆಲವು ಗುಣಗಳು

• ಅಂಕಿಗಳನ್ನೆಲ್ಲ ಕೂಡಿದರೆ 36. ಅದು 6ನ್ನು 6ರಿಂದ ಗುಣಿಸಿದ ಉತ್ತರ. 111111ರ ಅಂಕಿಗಳ ಮೊತ್ತ 6 ಆಗಿರುವುದೇ ಇದಕ್ಕೆ ಕಾರಣ.

• ಮೊತ್ತ 36 ಆದ್ದರಿಂದ ಸಂಖ್ಯೆ 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. 7, 11, 13, 37ರಿಂದಲೂ ಭಾಗವಾಗುತ್ತದೆ.

• 1 ಮತ್ತು ತನ್ನನ್ನೂ ಸೇರಿಸಿ ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243. ಸಾಮಾನ್ಯವಾಗಿ ಭಾಜಕಗಳು ಜೋಡಿ ಜೋಡಿಯಾಗಿ ಬರುವುದರಿಂದ ಅವುಗಳ ಎಣಿಕೆ ಸಮಸಂಖ್ಯೆ. ಇಲ್ಲಿ 111111ಕ್ಕೆ ಅದೇ ಜೋಡಿ. ಅದಕ್ಕೇ ಎಣಿಕೆ ಬೆಸಸಂಖ್ಯೆಯಾಗಿದೆ. ಎಲ್ಲ ವರ್ಗಸಂಖ್ಯೆಗಳಿಗೂ ಹೀಗೆಯೇ.

ಈ ಮಾದರಿ ಕೊನೆಯಿಲ್ಲದೆ ಮುಂದುವರಿಯುತ್ತದೆಯೇ?

ಇಲ್ಲ. ಇದು ಫಾರ್ವರ್ಡ್‌ಗಳು ಸಾಮಾನ್ಯವಾಗಿ ಹೇಳದ ಮಾತು. ಒಂಬತ್ತು 1ಗಳವರೆಗೆ ಎಲ್ಲ ಸರಿ: 111111111ನ್ನು ಅದರಿಂದಲೇ ಗುಣಿಸಿದರೆ 12345678987654321. ಹತ್ತು 1 ಬರೆದರೆ ನಡುವಿನ ಸ್ಥಾನದಲ್ಲಿ ಹತ್ತು 1 ಸೇರುತ್ತವೆ. ಅಲ್ಲಿ 0 ಬರೆದು 1ನ್ನು ಕೈಲಿ ಹಿಡಿಯಬೇಕು. ಅದು ಎಡದ 9ಕ್ಕೆ ಸೇರಿ ಮತ್ತೆ 10. ಅಲ್ಲೂ 0 ಬರೆದು 1 ಕೈಲಿ. ಅದು 8ಕ್ಕೆ ಸೇರಿ 9. ಕೊನೆಗೆ ಬರುವ ಉತ್ತರ 1234567900987654321. ಹಾರದ ಒಂದು ಬದಿ ಕೆಟ್ಟಿತು. ಸಂಖ್ಯೆಗೆ ದೈವಿಕ ಶಕ್ತಿ ಇದ್ದಿದ್ದರೆ ಹತ್ತನೆಯ ಸಲ ಅದು ಎಲ್ಲಿಗೆ ಹೋಯಿತು? ಕಾರಣ ಗೊತ್ತಿದ್ದವರಿಗೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎರಡೂ ಗೊತ್ತಿರುತ್ತದೆ.

ಹಾಗಾದರೆ ಆ 8 ಎಲ್ಲಿ ಹೋಯಿತು?

ಈಗ ಮೊದಲಿನ ಫಾರ್ವರ್ಡ್‌ಗೆ ಬರೋಣ. 12345679ರಲ್ಲಿ 8 ಯಾಕಿಲ್ಲ? ಒಂಬತ್ತು 1 ಇರುವ 111111111ನ್ನು 9ರಿಂದ ಭಾಗಿಸಿ ನೋಡಿ. 11ರಲ್ಲಿ 9 ಒಂದು ಸಲ, ಶೇಷ 2. ಮುಂದಿನ 1 ಇಳಿಸಿದರೆ 21: ಎರಡು ಸಲ, ಶೇಷ 3. ಆಮೇಲೆ 31: ಮೂರು ಸಲ, ಶೇಷ 4. ಹೀಗೆ 41, 51, 61 ಆಗಿ 71 ಬರುತ್ತದೆ: ಏಳು ಸಲ, ಶೇಷ 8. ಕೊನೆಯ 1 ಇಳಿಸಿದರೆ 81. ಅದರಲ್ಲಿ 9 ಎಂಟು ಸಲ ಅಲ್ಲ, ಸರಿಯಾಗಿ ಒಂಬತ್ತು ಸಲ. ಶೇಷ ಸೊನ್ನೆ, ಲೆಕ್ಕ ಮುಗಿಯಿತು. ಒಂಬತ್ತೊಂಬತ್ತಲಿ ಎಂಬತ್ತೊಂದು ಎಂಬ ಮಗ್ಗಿಯ ಸಾಲೇ 8ನ್ನು ದಾಟಿಸಿಬಿಟ್ಟಿತು.

ಉಳಿದದ್ದು ಸುಲಭ. 12345679 × 9 = 111111111 ಎಂದಮೇಲೆ 63ರಿಂದ ಗುಣಿಸುವುದೆಂದರೆ ಆ ಒಂಬತ್ತು 1ಗಳನ್ನು 7ರಿಂದ ಗುಣಿಸಿದಂತೆ. ನೀವು ಆರಿಸಿದ ಅಂಕಿಯೇ ಒಂಬತ್ತು ಸಲ ಬರದೆ ಬೇರೆ ದಾರಿಯೇ ಇಲ್ಲ.

ಮಹಾವೀರಾಚಾರ್ಯರು ತಪ್ಪಿದ ಜಾಗ

ಅಭಿಮಾನದ ಫಾರ್ವರ್ಡ್‌ಗಳಲ್ಲಿ ನಮ್ಮ ಹಿರಿಯರು ಯಾವತ್ತೂ ತಪ್ಪು ಮಾಡುವುದಿಲ್ಲ. ಪುಸ್ತಕ ತೆರೆದು ನೋಡಿದರೆ ಚಿತ್ರ ಬೇರೆಯೇ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಎಂದು ಮಹಾವೀರಾಚಾರ್ಯರು ಹೇಳಿದ್ದಾರೆ. ಅದು ಸರಿ. ಋಣಸಂಖ್ಯೆಗೆ ವರ್ಗಮೂಲ ಇಲ್ಲ ಎಂದೂ ಹೇಳಿದ್ದಾರೆ. ಹೈಸ್ಕೂಲಿನವರೆಗೆ ನಾವು ಕಲಿಯುವುದೂ ಅದನ್ನೇ. ಆದರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಎಂದರು. ಅದು ತಪ್ಪು.

ಯಾರಿಗೂ ಹಂಚದಿದ್ದರೆ ರಾಶಿ ಹಾಗೇ ಇರುತ್ತದಲ್ಲ ಎಂದು ಅವರು ಯೋಚಿಸಿರಬಹುದು. ಆದರೆ ಭಾಗಾಕಾರವನ್ನು ತಾಳೆ ನೋಡುವುದು ಗುಣಾಕಾರದಿಂದ. 10ನ್ನು 2ರಿಂದ ಭಾಗಿಸಿದರೆ 5, ಏಕೆಂದರೆ 5ನ್ನು 2ರಿಂದ ಗುಣಿಸಿದರೆ 10. ಹಾಗೆಯೇ 10ನ್ನು 0ಯಿಂದ ಭಾಗಿಸಿ 10 ಬಂದಿದ್ದರೆ, 10ನ್ನು 0ಯಿಂದ ಗುಣಿಸಿದಾಗ 10 ಬರಬೇಕಿತ್ತು. ಬರುವುದು 0. ಅದನ್ನು ಅವರೇ ಹೇಳಿದ್ದರು. ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವಿಲ್ಲ ಎಂಬುದು ಇಂದಿನ ಗಣಿತದ ಉತ್ತರ. ನಿಮ್ಮ ಮೊಬೈಲಿನಲ್ಲಿ 10 ÷ 0 ಒತ್ತಿದರೆ ಅದು ಉತ್ತರ ಕೊಡಲು ನಿರಾಕರಿಸುವುದು ಇದಕ್ಕೇ.

ಇದರಿಂದ ಅವರ ದೊಡ್ಡಸ್ತಿಕೆ ಕಡಿಮೆಯಾಗುವುದಿಲ್ಲ. ಸೊನ್ನೆಯ ಭಾಗಾಕಾರ ಬ್ರಹ್ಮಗುಪ್ತರಿಗೂ ಸರಿಯಾಗಿ ಬಗೆಹರಿದಿರಲಿಲ್ಲ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯರು ಮತ್ತೆ ಬೇರೆ ಉತ್ತರ ಕೊಟ್ಟರು. ಗಣಿತ ಬೆಳೆದದ್ದೇ ಹೀಗೆ, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡುತ್ತಾ.

ಅವರ ನಂತರ ಪುಸ್ತಕ ಏನಾಯಿತು?

ಗಣಿತಸಾರಸಂಗ್ರಹ ದಕ್ಷಿಣ ಭಾರತದಲ್ಲಿ ಬಹುಕಾಲ ಪಾಠಪುಸ್ತಕವಾಗಿ ಉಳಿಯಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಆಮೇಲೆ ಹೊಸ ಶಾಲೆಗಳು, ಹೊಸ ಪಠ್ಯಗಳು ಬಂದವು. ಮಹಾವೀರಾಚಾರ್ಯರ ಹೆಸರು ಮಠಗಳ ಮತ್ತು ಗ್ರಂಥಭಂಡಾರಗಳ ತಾಳೆಗರಿಗಳಲ್ಲಿ ಉಳಿದುಕೊಂಡಿತು. ಆ ಗರಿಗಳಲ್ಲಿ ಕೆಲವು ಕನ್ನಡ ಲಿಪಿಯವು. ಮೂಡುಬಿದಿರೆಯ ಜೈನ ಮಠದಲ್ಲಿಯೂ ಒಂದು ಪ್ರತಿ ಇತ್ತು.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಸಿಕ್ಕ ಪ್ರತಿಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಗ್ರಂಥವನ್ನು ಅಚ್ಚು ಹಾಕಿಸಿದರು. ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯುಜೀನ್ ಸ್ಮಿತ್ ಅದಕ್ಕೆ ಪೀಠಿಕೆ ಬರೆದರು. ಅದಾಗಿ ಮೂರು ವರ್ಷಕ್ಕೆ, 1915ರಲ್ಲಿ, ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನ ಪತ್ತೆಯಾಯಿತು. ನೆಲದ ಎರಡು ಹಳೆಯ ಹೆಸರುಗಳು ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಬೆಳಕಿಗೆ ಬಂದವು. ಮಸ್ಕಿಯ ಅಶೋಕನನ್ನು ಶಾಲೆಯ ಪ್ರತಿ ಮಗುವೂ ಬಲ್ಲದು. ಮಹಾವೀರಾಚಾರ್ಯರನ್ನು ಅಷ್ಟು ಜನ ಬಲ್ಲವರಿಲ್ಲ.

1963ರಲ್ಲಿ ಹಿಂದಿ ಅನುವಾದ ಬಂತು. 2000ದಲ್ಲಿ ಪ್ರೊ. ಪದ್ಮಾವತಮ್ಮ ಅವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾಯಿತು. ಕನ್ನಡದ ದೊರೆಯ ನಾಡಿನಲ್ಲಿ ಹುಟ್ಟಿದ ಪುಸ್ತಕ ಹೀಗೆ ಕನ್ನಡದ ಓದುಗರ ಕೈಗೂ ಸಿಕ್ಕಿತು.

ಫಾರ್ವರ್ಡ್ ಮಾಡುವ ಮುನ್ನ

ಅದೃಷ್ಟದ ಸಂಖ್ಯೆ ಎಂಬ ನಂಬಿಕೆ ಬರೀ ತಮಾಷೆಯಲ್ಲಿ ನಿಲ್ಲುವುದಿಲ್ಲ. ಫ್ಯಾನ್ಸಿ ಮೊಬೈಲ್ ನಂಬರಿಗೆ, ಗಾಡಿಯ ನಂಬರಿಗೆ ಸಾಲ ಮಾಡಿ ದುಡ್ಡು ಸುರಿಯುವವರಿದ್ದಾರೆ. ಸಂಖ್ಯೆ ನೋಡಿ ಮದುವೆ ಮುಂದೂಡುವವರಿದ್ದಾರೆ, ವ್ಯಾಪಾರ ನಿಲ್ಲಿಸುವವರಿದ್ದಾರೆ. ಅಂಕಿಯ ಅಂದ ತೋರಿಸಿ ಅದರ ಬೆನ್ನಿಗೆ ಭಯವನ್ನೋ ಆಸೆಯನ್ನೋ ಕಟ್ಟಿ ಕಳಿಸುವವರ ಆಟ ನಡೆಯುವುದೇ ಯಾರೂ ತಾಳೆ ನೋಡುವುದಿಲ್ಲ ಎಂಬ ಧೈರ್ಯದ ಮೇಲೆ.

ಮುಂದಿನ ಸಲ ಇಂಥ ಸಂದೇಶ ಬಂದರೆ ಮೂರು ಕೆಲಸ ಮಾಡಿ. ಲೆಕ್ಕವನ್ನು ನೀವೇ ಒತ್ತಿ ನೋಡಿ. ಸರಿ ಬಂದರೆ, ಯಾಕೆ ಹೀಗೆ ಬರುತ್ತದೆ ಎಂದು ಮನೆಯಲ್ಲಿ ಓದುವ ಮಕ್ಕಳ ಜೊತೆ ಕಾಗದದ ಮೇಲೆ ಬಿಡಿಸಿ. ಆಮೇಲೆ ಅದೃಷ್ಟದ ಬಾಲವನ್ನು ಅಳಿಸಿ, ಆ ಜಾಗದಲ್ಲಿ ಮಹಾವೀರಾಚಾರ್ಯ, ಗಣಿತಸಾರಸಂಗ್ರಹ, ಸುಮಾರು ಕ್ರಿ.ಶ. 850 ಎಂದು ಬರೆದು ಕಳಿಸಿ.

ಮಕ್ಕಳಿಗೆ ಒಂದು ಲೆಕ್ಕವೂ ಇರಲಿ. 333333666667ನ್ನು 33ರಿಂದ ಗುಣಿಸಲು ಹೇಳಿ. ಇದೂ ಅವರ ಪುಸ್ತಕದ್ದೇ. ಮೊದಲು 3ರಿಂದ ಗುಣಿಸಿ, ಆಮೇಲೆ 11ರಿಂದ ಗುಣಿಸಿದರೆ ಸುಲಭ. ಕ್ಯಾಲ್ಕುಲೇಟರ್ ಬೇಡ. ಎಡದಿಂದಲೂ ಬಲದಿಂದಲೂ ಒಂದೇ ರೀತಿ ಓದಿಸಿಕೊಳ್ಳುವ ಉತ್ತರ ಬಂದರೆ ಲೆಕ್ಕ ಸರಿ ಇದೆ ಎಂದರ್ಥ. ಬರದಿದ್ದರೆ ಎಲ್ಲೋ ಕೈಲಿ ಹಿಡಿದದ್ದು ಬಿಟ್ಟುಹೋಗಿದೆ, ಇನ್ನೊಮ್ಮೆ ಮಾಡಬೇಕು.